ಅಸ್ತ್ರ ಒಲೆ ಮತ್ತು ಮಳೆಗಾಲದ ಅಡುಗೆಮನೆ: ಒಂದು ವಿಮರ್ಶೆ

ಆಷಾಢದ ಒಂದು ಬೆಳಿಗ್ಗೆ ಕುಮಟಾ, ಹೊನ್ನಾವರ ಅಥವಾ ಭಟ್ಕಳ ತಾಲ್ಲೂಕಿನ ಯಾವುದಾದರೂ ಹಳ್ಳಿಯ ದಾರಿಯಲ್ಲಿ ನಡೆದು ನೋಡಿ. ಹಂಚಿನ ಮಾಡಿನ ಸಂದುಗಳಿಂದ ಹೊಗೆ ಏಳುತ್ತಿರುತ್ತದೆ. ಮಳೆ ಜೋರಾದಾಗ ಅದು ಮೇಲೇಳದೆ ಮಾಡಿನಡಿಯಲ್ಲೇ ಮಲಗುತ್ತದೆ. ಅಡುಗೆಗೆ ಗ್ಯಾಸ್ ಬಂದಿರುವ ಮನೆಯಲ್ಲೂ ಬಚ್ಚಲಿನ ಹಂಡೆಯ ಕೆಳಗೆ ತೆಂಗಿನ ಸಿಪ್ಪೆ, ಸೋಗೆ, ಹಸಿ ಕಟ್ಟಿಗೆ ಉರಿಯುತ್ತಲೇ ಇರುವುದುಂಟು. ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಕುಲುಮೆಯನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವ ವಾಡಿಕೆ ಇದೆ. ನಮ್ಮ ಕರಾವಳಿಯ ಮನೆಗೆ ಅಂಥ ಕುಲುಮೆ ಬೇಕಿಲ್ಲ. ಒಲೆ ಮತ್ತು ಹಂಡೆಯೇ ನಮ್ಮ ಕುಲುಮೆ. ಅದರ ತಪಾಸಣೆ ಮಾಡುವವರು ಯಾರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಕರ್ನಾಟಕದ ಗ್ರಾಮೀಣ ತಂತ್ರಜ್ಞಾನದ ಹೆಮ್ಮೆ ಎನಿಸಿದ ಅಸ್ತ್ರ ಒಲೆಯನ್ನು ಇಲ್ಲಿ ಮರುಪರಿಶೀಲಿಸೋಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 'ಅಸ್ತ್ರ' ಎಂಬ ಘಟಕ ಹುಟ್ಟಿತು. ಹಳ್ಳಿಗಳ ಅಗತ್ಯಕ್ಕೆ ವಿಜ್ಞಾನವನ್ನು ಬಗ್ಗಿಸುವುದು ಅದರ ಗುರಿ. ಅಲ್ಲಿ ರೂಪುಗೊಂಡ ಒಲೆಗೆ ಘಟಕದ ಹೆಸರೇ ನಿಂತಿತು. ಮುಚ್ಚಿದ ಉರಿಗೂಡು, ಕಟ್ಟಿಗೆಯ ಕೆಳಗೆ ಗಾಳಿಯಾಡುವ ಜಾಲರಿ, ಸಾಲಾಗಿ ಮೂರು ಪಾತ್ರೆಗಳಿಗೆ ಜಾಗ, ಕೊನೆಯಲ್ಲಿ ಹೊಗೆಕೊಳವೆ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ ಪಾತ್ರೆಗೆ ದಕ್ಕಿದರೆ, ಪ್ರಯೋಗಾಲಯದಲ್ಲಿ ಅಸ್ತ್ರ ಒಲೆ ನಲವತ್ತರ ಆಸುಪಾಸು ಮುಟ್ಟಿತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದನ್ನು ಹಳ್ಳಿಗಳಿಗೆ ಒಯ್ದಿತು. ದೇಶದ ಮಟ್ಟದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1980ರ ದಶಕದ ಮೊದಲ ಭಾಗದಲ್ಲಿ ಆರಂಭವಾಗಿ 2002ರಲ್ಲಿ ನಿಂತಿತು. ಅಷ್ಟರಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳ ಲೆಕ್ಕ ಸಿದ್ಧವಾಗಿತ್ತು.

ಮೊದಲು ಮೆಚ್ಚಬೇಕಾದುದನ್ನು ಮೆಚ್ಚೋಣ. ಅಡುಗೆಯ ಉರಿಯೂ ಉಷ್ಣವಿಜ್ಞಾನದ ವಿಷಯವೇ ಎಂದು ಈ ಒಲೆ ತೋರಿಸಿತು. ಗಾಳಿ, ಜ್ವಾಲೆ, ಪಾತ್ರೆಗಳ ನಡುವಿನ ಅಂತರವನ್ನು ಅಳೆದು ವಿನ್ಯಾಸಕ್ಕೆ ಇಳಿಸಿತು. ಮಣ್ಣಿನಲ್ಲೇ ಕಟ್ಟಬಹುದಾದ ವಸ್ತುವಿಗೆ ಇಷ್ಟು ಶ್ರದ್ಧೆ ತೋರಿದ ಉದಾಹರಣೆಗಳು ನಮ್ಮಲ್ಲಿ ಹೆಚ್ಚಿಲ್ಲ. ಹಾಗಿದ್ದೂ ಇದರ ಪ್ರಚಾರದಲ್ಲಿ ಮೂರು ಕೊರತೆಗಳಿದ್ದವು.

ಮೊದಲನೆಯ ಕೊರತೆ ಹೆಸರಿನಲ್ಲಿದೆ. ಇಂಥ ಒಲೆಗಳನ್ನೆಲ್ಲ ನಾವು 'ಹೊಗೆರಹಿತ ಒಲೆ' ಎಂದು ಕರೆದೆವು, ಪಾಠಗಳಲ್ಲೂ ಹಾಗೆಯೇ ಹೇಳಿಕೊಟ್ಟೆವು. ಅದು ಹೊಗೆಯನ್ನು ಇಲ್ಲವಾಗಿಸುವ ಒಲೆಯಾಗಿರಲಿಲ್ಲ. ಕೊಳವೆ ಸರಿಯಾಗಿದ್ದಷ್ಟು ದಿನ ಹೊಗೆಯನ್ನು ಹೊರಗೆ ಕಳಿಸುತ್ತಿತ್ತು, ಅಷ್ಟೆ. ಕಣ್ಣಿಗೆ ಕಾಣುವ ಹೊಗೆ ತಪ್ಪಿದರೆ ಅಪಾಯವೂ ತಪ್ಪಿತೆಂಬ ಭಾವನೆಯನ್ನು ಈ ಹೆಸರು ಬಿತ್ತಿತು. ಬಾಣಂತಿ ಕೋಣೆಯನ್ನು ನೆನಪಿಸಿಕೊಳ್ಳಿ. ಕಿಟಕಿ ಬಾಗಿಲು ಮುಚ್ಚಿ, ಒಳಗೆ ಬೆಚ್ಚಗಿರಲೆಂದು ಕೆಂಡದ ಅಗ್ಗಿಷ್ಟಿಕೆ ಇಡುತ್ತಾರೆ. ಕೆಂಡದಲ್ಲಿ ಹೊಗೆ ಕಾಣುವುದಿಲ್ಲ. ಆದರೆ ಗಾಳಿ ಸಾಲದಾಗ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಹಸಿವೋ ಪಿತ್ತವೋ ಎಂದುಕೊಳ್ಳುವವರೇ ಹೆಚ್ಚು. ಹೊಗೆ ಇಲ್ಲದ ಬೆಂಕಿಯೇ ಇಲ್ಲಿ ಹೆಚ್ಚು ಅಪಾಯಕಾರಿ ಎಂಬುದನ್ನು ನೀವು ತರಗತಿಯಲ್ಲಿ ಒತ್ತಿ ಹೇಳಬೇಕು.

ಎರಡನೆಯ ಕೊರತೆ ಪರೀಕ್ಷೆಯದು. ದಕ್ಷತೆಯನ್ನು ಒಣ ಕಟ್ಟಿಗೆಯಿಂದ, ಹೊಸ ಒಲೆಯಲ್ಲಿ ಅಳೆಯುತ್ತಾರೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಆ ಸ್ಥಿತಿ ಜೂನ್‌ನಲ್ಲೇ ಮುಗಿಯುತ್ತದೆ. ಅರ್ಧದಷ್ಟು ನೀರೇ ಇರುವ ಒಂದು ಕಿಲೋ ಹಸಿ ಕಟ್ಟಿಗೆಯನ್ನು ತೆಗೆದುಕೊಳ್ಳಿ. ಅದರ ಅರ್ಧ ಕಿಲೋ ಒಣ ಭಾಗದಿಂದ ಸುಮಾರು 9 ಮೆಗಾಜೂಲ್ ಶಾಖ ದೊರೆಯುತ್ತದೆ. ಉಳಿದ ಅರ್ಧ ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಅದರಲ್ಲಿ ಸುಮಾರು 1.3 ಮೆಗಾಜೂಲ್ ಹೋಗುತ್ತದೆ. ಇದು ಏಳನೆಯ ಒಂದು ಪಾಲು. ಇದಕ್ಕಿಂತ ದೊಡ್ಡ ನಷ್ಟ ಬೇರೆಡೆ ಇದೆ: ಉರಿ ತಣ್ಣಗಾಗಿ ದಹನ ಅಪೂರ್ಣವಾಗುತ್ತದೆ, ಅನಿಲಗಳು ಉರಿಯದೆ ಹೊಗೆಯಾಗಿ ಹೊರಡುತ್ತವೆ.

ಮೂರನೆಯದೂ ಮುಖ್ಯವಾದದ್ದೂ ನಿರ್ವಹಣೆಯ ಕೊರತೆ. ಕೊಳವೆ ಹೊಗೆಯನ್ನು ಎಳೆಯುವ ಬಲ ಎಷ್ಟೆಂದು ನೀವೇ ಲೆಕ್ಕ ಹಾಕಬಹುದು. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್, ಕೊಳವೆಯೊಳಗಿನ ಅನಿಲ 150 ಡಿಗ್ರಿ ಎಂದಿಟ್ಟುಕೊಳ್ಳಿ. ಸಾಂದ್ರತೆಗಳು ಘನ ಮೀಟರಿಗೆ ಸುಮಾರು 1.16 ಮತ್ತು 0.83 ಕಿಲೋಗ್ರಾಂ. ಕೊಳವೆಯ ಎತ್ತರ 3 ಮೀಟರ್. ಒತ್ತಡದ ವ್ಯತ್ಯಾಸ 0.33 × 9.8 × 3, ಅಂದರೆ ಸುಮಾರು 10 ಪಾಸ್ಕಲ್. ಇದು ಕೇವಲ ಒಂದು ಮಿಲಿಮೀಟರ್ ನೀರಿನ ಎತ್ತರಕ್ಕೆ ಸಮ! ಹಸಿ ಕಟ್ಟಿಗೆಯಿಂದ ಅನಿಲ 80 ಡಿಗ್ರಿಗೆ ಇಳಿದರೆ ಈ ಬಲವೂ ಅರ್ಧವಾಗುತ್ತದೆ. ತಣ್ಣನೆಯ ಕೊಳವೆಯ ಒಳಗೋಡೆಗೆ ಟಾರು, ಮಸಿ ಅಂಟುತ್ತವೆ. 10 ಸೆಂ.ಮೀ. ವ್ಯಾಸದ ಕೊಳವೆಯಲ್ಲಿ ಸುತ್ತಲೂ ಒಂದು ಸೆಂ.ಮೀ. ಮಸಿ ಕಟ್ಟಿದರೆ ಹೊಗೆಗೆ ಉಳಿಯುವ ದಾರಿ ನೂರಕ್ಕೆ 64 ಪಾಲು ಮಾತ್ರ. ಇಷ್ಟು ಸಣ್ಣ ಬಲದ ಮೇಲೆ ನಿಂತ ಸಾಧನವನ್ನು ಗುಡಿಸದೆ ಬಿಟ್ಟರೆ ಹೊಗೆ ಬಾಯಿಯಿಂದಲೇ ಹಿಂದಿರುಗುತ್ತದೆ. ಆಗ ಮನೆಯವರು ಒಲೆಯನ್ನು ಒಡೆದು ಹಳೆಯದನ್ನೇ ಹೂಡಿದರೆ ಅವರನ್ನು ಅಜ್ಞಾನಿಗಳೆನ್ನುವುದು ನ್ಯಾಯವಲ್ಲ.

ಒಡಿಶಾದ ಹಳ್ಳಿಗಳಲ್ಲಿ ಕೊಳವೆಯುಳ್ಳ ಸುಧಾರಿತ ಒಲೆಗಳನ್ನು ಕೊಟ್ಟು ರೇಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಅವರು ನಾಲ್ಕು ವರ್ಷಗಳವರೆಗೆ ಗಮನಿಸಿ, 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಮೊದಲ ವರ್ಷ ಹೊಗೆ ಸೇವನೆ ಇಳಿಯಿತು, ಆಮೇಲೆ ಆ ಲಾಭ ಉಳಿಯಲಿಲ್ಲ. ಜನ ಒಲೆಯನ್ನು ಸರಿಯಾಗಿ ಬಳಸಲಿಲ್ಲ, ದುರಸ್ತಿಗೆ ಹಣ ಹಾಕಲಿಲ್ಲ, ಕ್ರಮೇಣ ಬಳಕೆಯನ್ನೇ ಬಿಟ್ಟರು. ಕಟ್ಟಿದ ಒಲೆಗಳನ್ನು ಎಣಿಸುವ ಕಾರ್ಯಕ್ರಮಕ್ಕೆ ಉರಿಯುತ್ತಿರುವ ಒಲೆಗಳು ಕಾಣುವುದಿಲ್ಲ.

ಇದರ ಜೊತೆಗೆ ಹಳೆಯ ಹೊಗೆಗೂ ಮನೆಯಲ್ಲಿ ಕೆಲಸವಿತ್ತೆಂಬುದನ್ನು ವಿನ್ಯಾಸಕಾರರು ಮರೆತರು. ಅಟ್ಟದ ಮೇಲಿನ ಕಟ್ಟಿಗೆ, ತೆಂಗಿನಕಾಯಿ ಮಳೆಗಾಲದಲ್ಲಿ ಒಣಗಿದ್ದು ಆ ಬಿಸಿಹೊಗೆಯಲ್ಲೇ. ಮಾಡಿನ ಮರಕ್ಕೆ, ಸೋಗೆಗೆ ಹುಳ ಹತ್ತದಂತೆ ಕಾಯುತ್ತಿದ್ದುದೂ ಅದೇ. ಹೊಗೆ ತೆಗೆಯಬೇಕು, ನಿಜ. ಆದರೆ ಕಟ್ಟಿಗೆ ಒಣಗಿಸಲು ಬೇರೆ ದಾರಿ ತೋರಿಸಿಕೊಟ್ಟೇ ತೆಗೆಯಬೇಕಿತ್ತು. ಬಚ್ಚಲ ಒಲೆಯ ಮಾತೂ ಹಾಗೆಯೇ. ನಮ್ಮ ಜಿಲ್ಲೆಯ ಮನೆಗಳ ಇಂಧನ ಬಳಕೆಯ ಬಗ್ಗೆ ಇದೇ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ, ಅಡುಗೆಯ ಜೊತೆ ಸ್ನಾನದ ನೀರಿಗೂ ಗಣನೀಯ ಕಟ್ಟಿಗೆ ಹೋಗುವುದನ್ನು ಪ್ರತ್ಯೇಕವಾಗಿ ಅಳೆದು ತೋರಿಸಿತು. ಪ್ರಚಾರವೆಲ್ಲ ಅಡುಗೆಮನೆಯ ಸುತ್ತಲೇ ಸುತ್ತಿತು.

'ಈಗ ಉಜ್ವಲಾ ಯೋಜನೆ ಬಂದಿದೆ, ಇದೆಲ್ಲ ಹಳೆಯ ಕಥೆ' ಎನ್ನಬಹುದು. 2016ರಲ್ಲಿ ಆರಂಭವಾದ ಆ ಯೋಜನೆ ಕೋಟ್ಯಂತರ ಮನೆಗಳಿಗೆ ಗ್ಯಾಸ್ ತಂದದ್ದು ದೊಡ್ಡ ಸಾಧನೆಯೇ. ಆದರೆ ಸಂಪರ್ಕ ಎಣಿಸುವುದೂ ಒಲೆ ಎಣಿಸಿದಂತೆಯೇ. ಸಿಲಿಂಡರ್ ಮೂಲೆಯಲ್ಲಿದ್ದು ಕುಚಲಕ್ಕಿ ಕಟ್ಟಿಗೆಯಲ್ಲೇ ಬೇಯುತ್ತಿದ್ದರೆ ಗಾಳಿ ಬದಲಾಗುವುದಿಲ್ಲ. ಮನೆಯೊಳಗಿನ ವಾಯುಮಾಲಿನ್ಯದಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಸಾವುಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳಿಗೆ ಅದು 2021ರಲ್ಲಿ ಸೂಚಿಸಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಹೊರಾಂಗಣ ಮಾನದಂಡ 40.

ಗ್ಯಾಸಿಗೂ ನಿರ್ವಹಣೆ ಬೇಕು. ಪೇಟೆಯ ಮನೆಗಳಲ್ಲಿ ಕಿಟಕಿ ಮುಚ್ಚಿದ ಸ್ನಾನದ ಕೋಣೆಯೊಳಗೆ ಗ್ಯಾಸ್ ಗೀಸರ್ ಕೂರಿಸುವುದು ಬಾಣಂತಿ ಕೋಣೆಯ ಕೆಂಡದ ಅಪಾಯವನ್ನೇ ಹೊಸ ರೂಪದಲ್ಲಿ ತರುತ್ತದೆ. ಗೀಸರ್ ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವಲ್ಲಿ ಇರಲಿ. ನೀಲಿ ಜ್ವಾಲೆ ಹಳದಿಯಾದರೆ ದಹನ ಕೆಟ್ಟಿದೆ ಎಂದರ್ಥ. ಬರ್ನರ್ ಸ್ವಚ್ಛ ಮಾಡಿಸಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಹೊರಗೆ ಹೋಗಿ 1906ಕ್ಕೆ ಕರೆ ಮಾಡಬೇಕು.

ಹಾಗಾದರೆ ಅಸ್ತ್ರ ಒಲೆ ಸೋತಿತೇ? ವಿನ್ಯಾಸ ಸೋಲಲಿಲ್ಲ. ಕಟ್ಟಿಕೊಟ್ಟ ಮೇಲೆ ಕೆಲಸ ಮುಗಿಯಿತೆಂದ ನಮ್ಮ ತಿಳಿವಳಿಕೆ ಸೋತಿತು. ಶಿಕ್ಷಕರೇ, ಈ ಸೋಲಿನಿಂದ ಒಂದು ಒಳ್ಳೆಯ ಪಾಠ ಮಾಡಬಹುದು. ಮಳೆಗಾಲಕ್ಕೆ ಮುನ್ನ ಮತ್ತು ಮಳೆ ನಿಂತ ಮೇಲೆ ನಿಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಲಿ: ಒಂದು ವಾರದಲ್ಲಿ ತೂಗಿದ ಕಟ್ಟಿಗೆ ಎಷ್ಟು, ಅದರಲ್ಲಿ ಬಚ್ಚಲಿನ ಪಾಲೆಷ್ಟು, ಕೊಳವೆ ಕೊನೆಯ ಸಲ ಗುಡಿಸಿದ್ದು ಯಾವಾಗ, ಉರಿಯ ಮುಂದೆ ಯಾರು ಎಷ್ಟು ಹೊತ್ತು ಕುಳಿತಿದ್ದರು. ಕೊಳವೆ ಗುಡಿಸುವ ಕೆಲಸ ದೊಡ್ಡವರದು. ಹಳೆಯ ಕೊಳವೆ ಆಸ್‌ಬೆಸ್ಟಾಸ್ ಸಿಮೆಂಟಿನದಾದರೆ ಕೆರೆಯದೆ, ಒಡೆಯದೆ ಬದಲಿಸುವುದೇ ಸರಿ, ಅದರ ಧೂಳು ಶ್ವಾಸಕೋಶಕ್ಕೆ ಹಾನಿ.

ನಾಲ್ಕನೆಯ ಸಾಲಿನ ಉತ್ತರ ಬಹುಪಾಲು ಮನೆಗಳಲ್ಲಿ ಅಮ್ಮ ಅಥವಾ ಅಜ್ಜಿ ಎಂದಿರುತ್ತದೆ. ಒಲೆಯ ವಿಮರ್ಶೆಯನ್ನು ಅವರಿಂದಲೇ ಕೇಳಿ ಬರೆದುಕೊಳ್ಳಿ. ವಿನ್ಯಾಸದ ಕಾಗದದಲ್ಲಿ ಬಿಟ್ಟುಹೋದ ಸಾಲುಗಳು ಅಲ್ಲಿ ಸಿಗುತ್ತವೆ.