ಐತಿಹ್ಯದ ಆಸರೆಯಲ್ಲಿ ಹುಸಿ ಮುದ್ರಣ: ಥಾಮಸ್ ವೈಸ್ ಪ್ರಕರಣದ ವಿವೇಚನೆ

ಗ್ರಂಥಸಂಗ್ರಹದ ಇತಿಹಾಸದಲ್ಲಿ ಲಂಡನ್ನಿನ ಥಾಮಸ್ ಜೆ. ವೈಸ್ (1859–1937) ಅವರದು ವಿಚಿತ್ರವಾದ ಸ್ಥಾನ. ಇಂಗ್ಲಿಷ್ ಕವಿಗಳ ಗ್ರಂಥಸೂಚಿಗಳನ್ನು ಸಿದ್ಧಪಡಿಸಿ, ಬಿಬ್ಲಿಯಾಗ್ರಫಿಕಲ್ ಸೊಸೈಟಿಯ ಅಧ್ಯಕ್ಷಪದವಿಗೇರಿದವರು ಅವರು. ಹತ್ತೊಂಬತ್ತನೆಯ ಶತಮಾನದ ಹಲವಾರು ಕಿರುಹೊತ್ತಗೆಗಳಿಗೆ ಹಿಂದಿನ ವರ್ಷಗಳನ್ನು ನಮೂದಿಸಿ ಅಚ್ಚು ಹಾಕಿಸಿ, ಪ್ರಥಮ ಮುದ್ರಣಗಳೆಂದು ಮಾರಿದವರೂ ಅವರೇ. ಈ ಕಾರ್ಯದಲ್ಲಿ ಹ್ಯಾರಿ ಬಕ್ಸ್ಟನ್ ಫಾರ್ಮನ್ ಸಹಭಾಗಿಯಾಗಿದ್ದರು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ವಂಚನೆಯ ಸ್ವರೂಪವನ್ನು. ವೈಸ್ ಪಠ್ಯವನ್ನು ಕಲ್ಪಿಸಲಿಲ್ಲ, ಕಾಲವನ್ನು ಕಲ್ಪಿಸಿದರು. ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಅವರ ‘ಸಾನೆಟ್ಸ್ ಫ್ರಮ್ ದ ಪೋರ್ಚುಗೀಸ್’ ಮೊದಲು ಪ್ರಕಟವಾದುದು 1850ರ ಕವಿತಾಸಂಗ್ರಹದಲ್ಲಿ. ಅದಕ್ಕೂ ಮುನ್ನ, 1847ರಲ್ಲಿ, ರೆಡಿಂಗ್ ಪಟ್ಟಣದಲ್ಲಿ ಖಾಸಗಿಯಾಗಿ ಅಚ್ಚಾಯಿತೆನ್ನಲಾದ ಹೊತ್ತಗೆಯೊಂದು ಸಂಗ್ರಾಹಕರ ಕೈಸೇರಿತು. ಎಂದೂ ಇರದಿದ್ದ ಮುದ್ರಣವಾದುದರಿಂದ ಅದನ್ನು ಹೋಲಿಸಿ ನೋಡಲು ಮೂಲಪ್ರತಿಯೇ ಇರಲಿಲ್ಲ.

ಈ ಹೊತ್ತಗೆಗೆ ಬೆಂಬಲವಾಗಿ ಒದಗಿದುದು ಒಂದು ಕಥೆ. ಪೀಸಾ ನಗರದಲ್ಲಿ ಕವಯಿತ್ರಿ ತನ್ನ ಪದ್ಯಗಳನ್ನು ಪತಿಗೆ ಒಪ್ಪಿಸಿದಳು, ಗೆಳತಿ ಮಿಟ್‌ಫರ್ಡ್ ಅವುಗಳನ್ನು ಅಚ್ಚು ಹಾಕಿಸಿದಳು ಎಂಬ ವೃತ್ತಾಂತವನ್ನು 1894ರಲ್ಲಿ ಎಡ್ಮಂಡ್ ಗಾಸ್ ಪ್ರಚುರಪಡಿಸಿದರು. ಬ್ರೌನಿಂಗ್ ದಂಪತಿಗಳ ಪತ್ರಗಳಾದರೋ ಆ ಪ್ರಸಂಗವನ್ನು 1849ರ ಬಾನ್ಯಿ ದಿ ಲುಕ್ಕಾಕ್ಕೆ ಸೇರಿಸುತ್ತವೆ. ಸ್ಥಳ, ವ್ಯಕ್ತಿ, ಭಾವುಕ ಸನ್ನಿವೇಶಗಳಿಂದ ಕೂಡಿದ ಐತಿಹ್ಯವು ಜನಮನದಲ್ಲಿ ಬೇರೂರುವ ಬಗೆ ಜಾನಪದ ಅಧ್ಯಯನಕಾರರಿಗೆ ಪರಿಚಿತವಾದುದೇ. ವಿದ್ವತ್‌ವಲಯವೂ ಇದಕ್ಕೆ ಹೊರತಲ್ಲವೆಂಬುದನ್ನು ಈ ಪ್ರಕರಣ ತೋರಿಸುತ್ತದೆ.

1934ರಲ್ಲಿ ಜಾನ್ ಕಾರ್ಟರ್ ಮತ್ತು ಗ್ರಹಾಂ ಪೊಲಾರ್ಡ್ ತಮ್ಮ ಸಂಶೋಧನ ಗ್ರಂಥದಲ್ಲಿ ಕಾಗದವನ್ನೂ ಅಚ್ಚುಮೊಳೆಯನ್ನೂ ಸಾಕ್ಷಿಗೆ ಕರೆದರು. 1847ರ ಹೊತ್ತಗೆಯ ಕಾಗದದಲ್ಲಿದ್ದ ರಾಸಾಯನಿಕ ಮರದ ತಿರುಳು ಆ ಕಾಲದ ಇಂಗ್ಲೆಂಡಿನಲ್ಲಿ ಬಳಕೆಗೇ ಬಂದಿರಲಿಲ್ಲ. ಲೇಖಕರ ಹಸ್ತಾಕ್ಷರವುಳ್ಳ ಒಂದು ಪ್ರತಿಯೂ ದೊರೆಯದಿದ್ದುದು ಸಂದೇಹವನ್ನು ಬಲಪಡಿಸಿತು. ಆದರೂ ಲೇಖಕದ್ವಯರು ವೈಸ್ ಅವರನ್ನು ನೇರವಾಗಿ ಕೂಟಕಾರನೆಂದು ಕರೆಯಲಿಲ್ಲ. ಭೌತಿಕ ಸಾಕ್ಷ್ಯ ನಿಲ್ಲುವಷ್ಟಕ್ಕೇ ತೀರ್ಪನ್ನು ನಿಲ್ಲಿಸಿದ ಈ ಸಂಯಮವೇ ಗ್ರಂಥದ ಹಿರಿಮೆ.

ಹಾನಿಯು ಶ್ರೀಮಂತ ಕೊಳ್ಳುಗರ ಹಣಕ್ಕಷ್ಟೇ ಸೀಮಿತವಾಗಲಿಲ್ಲ. ವೈಸ್ ಅವರ ಆಶ್ಲಿ ಗ್ರಂಥಾಲಯವನ್ನು ಅವರ ಮರಣಾನಂತರ, 1937ರಲ್ಲಿ, ಬ್ರಿಟಿಷ್ ಮ್ಯೂಸಿಯಂ ಕೊಂಡುಕೊಂಡಿತು. ಆ ಸಂಗ್ರಹದ ಹಳೆಯ ನಾಟಕಗಳಲ್ಲಿ ಮ್ಯೂಸಿಯಂನ ಪ್ರತಿಗಳಿಂದಲೇ ಕಿತ್ತ ಹಾಳೆಗಳು ಸೇರಿರುವುದನ್ನು ಡೇವಿಡ್ ಫಾಕ್ಸನ್ 1959ರಲ್ಲಿ ಪ್ರಕಟಪಡಿಸಿದರು. ತನ್ನ ಪ್ರತಿ ಪೂರ್ಣವಾಗಬೇಕೆಂಬ ಸಂಗ್ರಾಹಕನ ಹಂಬಲವು ಸಾರ್ವಜನಿಕ ಪ್ರತಿಯನ್ನು ಖಂಡಿತಗೊಳಿಸಿತ್ತು.

ಸೂಚಿಕಾರ, ಸಂಗ್ರಾಹಕ, ಮಾರಾಟಗಾರ ಮೂವರೂ ಒಬ್ಬನೇ ಆದಾಗ ಸಾಕ್ಷ್ಯವು ತನಗೆ ತಾನೇ ಸಾಕ್ಷಿಯಾಗುತ್ತದೆ. ಪ್ರತಿಯು ಯಾರಿಂದ, ಎಂದು, ಹೇಗೆ ಬಂದಿತೆಂಬ ದಾಖಲೆಯನ್ನು ಪ್ರತಿಯಷ್ಟೇ ಜತನದಿಂದ ಕಾಯುವುದು ಗ್ರಂಥಾಲಯಗಳ ಕರ್ತವ್ಯ. ಹಾಡುಗಾರರ ಹೆಸರು, ಊರು, ದಿನಾಂಕಗಳಿಲ್ಲದ ಜನಪದ ಪಠ್ಯಕ್ಕೂ ಇದೇ ಮಾತು ಸಲ್ಲುತ್ತದೆ.