ಎರಡನೆಯವಳ ಪಾಲಿಗೆ ಬಂದದ್ದು

ವಾಣಿಯವರ ಕಾದಂಬರಿಯನ್ನು ಆಧರಿಸಿ ದೊರೈ–ಭಗವಾನ್ ಜೋಡಿ 1974ರಲ್ಲಿ ತೆರೆಗೆ ತಂದ ‘ಎರಡು ಕನಸು’, ಕೈತಪ್ಪಿದ ಪ್ರೀತಿಯ ನಂತರದ ಬದುಕನ್ನೇ ವಸ್ತುವಾಗಿಸಿಕೊಂಡ ಚಿತ್ರ. ಇಂಗ್ಲಿಷ್ ಅಧ್ಯಾಪಕ ರಾಮಚಂದ್ರ (ರಾಜ್‌ಕುಮಾರ್) ಸೋದರಿಕೆಯ ಹುಡುಗಿ ಲಲಿತೆಯನ್ನು (ಮಂಜುಳಾ) ಪ್ರೀತಿಸಿರುತ್ತಾನೆ. ಎರಡು ಮನೆಗಳ ಹಿರಿಯರ ವೈಮನಸ್ಯದಲ್ಲಿ ಆ ಸಂಬಂಧ ಕಡಿದುಹೋಗುತ್ತದೆ. ತಾಯಿಯ ಮನಸ್ಸು ನೋಯಿಸಲಾರದೆ ಗೌರಿಯನ್ನು (ಕಲ್ಪನಾ) ಮದುವೆಯಾಗುತ್ತಾನೆ; ತಾಳಿ ಕಟ್ಟಿದವನು ಹೆಂಡತಿಯೆಂದು ಮಾತ್ರ ಒಪ್ಪಿಕೊಳ್ಳುವುದಿಲ್ಲ. ಬಹುತೇಕ ಪ್ರೇಮಕಥೆಗಳು ಮುಗಿಯುವ ಜಾಗ ಇಲ್ಲಿ ಕಥೆಯ ನಡುಭಾಗ.

ಚಿತ್ರದ ದೊಡ್ಡ ಗುಣವೆಂದರೆ ಲಲಿತೆಯನ್ನು ಚಿತ್ರಿಸಿದ ರೀತಿ. ಅವಳು ಹಳೆಯದನ್ನು ನೆನೆದು ಕೊರಗುತ್ತ ಕೂತವಳಲ್ಲ. ಮದುವೆಯಾಗಿ, ಗಂಡನೊಡನೆ ನೆಮ್ಮದಿಯಿಂದ ಇದ್ದಾಳೆ. ರಾಮಚಂದ್ರ ಯಾರ ನೆನಪಿಗಾಗಿ ವ್ರತ ಹಿಡಿದವನಂತೆ ಬದುಕಿದನೋ ಅವಳಿಗೆ ಆ ವ್ರತ ಬೇಕೇ ಇರಲಿಲ್ಲ ಎಂಬುದು ಅವನ ಅರಿವಿಗೆ ಬರುತ್ತದೆ. ಆ ಕಾಲದ ಚಿತ್ರಗಳ ಲೆಕ್ಕದಲ್ಲಿ ಇದು ಧೈರ್ಯದ ಮಾತೇ. ಹಳೆಯ ಪ್ರೇಯಸಿಯನ್ನು ಸಾಯಿಸಿಯೋ ಕೆಟ್ಟವಳನ್ನಾಗಿಸಿಯೋ ನಾಯಕನ ದಾರಿ ಸುಗಮ ಮಾಡಿಕೊಡುವುದು ಸುಲಭವಿತ್ತು. ಅದರ ಬದಲು, ಅವಳ ನೆಮ್ಮದಿಯನ್ನು ಕಣ್ಣಾರೆ ಕಂಡ ಮೇಲೆಯೇ ಅವನು ಬದಲಾಗಬೇಕಾಗುತ್ತದೆ. ವಿರಹಿಗೆ ಇದಕ್ಕಿಂತ ಖಾರವಾದ ಔಷಧಿ ಇರಲಾರದು.

ಆದರೆ ಈ ಔಷಧಿಯ ಬೆಲೆ ತೆರುವವಳು ಗೌರಿ. ಎಸ್. ಜಾನಕಿಯವರ ಕಂಠದಲ್ಲಿ ಅವಳು ಹಾಡುವ ಪ್ರಾರ್ಥನೆ ಇಡೀ ಚಿತ್ರದ ಕೀಲಿ. ಪೂಜೆಗೆ ಹೂ ತಂದವಳು ದರ್ಶನಕ್ಕಾಗಿ ಕಾದು ನಿಂತು, ಬಾಗಿಲು ತೆರೆಯೆಂದು ರಾಮನನ್ನು ಬೇಡುತ್ತಾಳೆ. ರಾಮ ದೇವರೂ ಹೌದು, ಬಾಗಿಲು ತೆರೆಯದ ಗಂಡನೂ ಹೌದು. ಚಿ. ಉದಯಶಂಕರ್ ಅವರ ಸಾಹಿತ್ಯ, ರಾಜನ್–ನಾಗೇಂದ್ರ ಅವರ ಸಂಗೀತ ಎಷ್ಟು ಸೊಗಸಾಗಿವೆಯೆಂದರೆ ಅಲ್ಲಿ ನಡೆಯುತ್ತಿರುವುದು ಅನ್ಯಾಯ ಎಂಬುದೇ ಕೇಳುಗನಿಗೆ ಮರೆತುಹೋಗುತ್ತದೆ. ತಾನು ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸುವ ಹೆಣ್ಣು ಭಕ್ತೆಯಾಗುತ್ತಾಳೆ. ಅವಳನ್ನು ಕಡೆಗಣಿಸಿದವನು ದೇವರ ಪೀಠ ಏರುತ್ತಾನೆ. ತಾಳ್ಮೆಯ ಫಲವಾಗಿ ಅವಳಿಗೆ ಗಂಡನ ಪ್ರೀತಿ ಸಿಗುತ್ತದೆ ನಿಜ. ಸಿಗದೇ ಹೋಗಿದ್ದರೆ? ಗೌರಿ ಮನೆ ಬಿಟ್ಟು ನಡೆದಿದ್ದರೆ? ಆ ಪ್ರಶ್ನೆಯ ಹತ್ತಿರ ಚಿತ್ರ ಸುಳಿಯುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅವಕಾಶ ಸೇರಿದ್ದೇ 1976ರಲ್ಲಿ, ಚಿತ್ರ ಬಂದ ಎರಡು ವರ್ಷಕ್ಕೆ. ಕಾಲದ ಮಿತಿಯನ್ನು ಒಪ್ಪಿದರೂ, ಗೌರಿಗೆ ಒಂದಿಷ್ಟು ಸಿಟ್ಟನ್ನಾದರೂ ಕೊಡಬಹುದಿತ್ತು.

ಆಮೇಲಿನ ಚಿತ್ರಗಳು ಇದೇ ಗಂಟನ್ನು ಬೇರೆ ಬೇರೆ ರೀತಿ ಬಿಚ್ಚಿದವು. ಸುದೀಪ್ ಮೊದಲ ಬಾರಿಗೆ ನಿರ್ದೇಶಿಸಿದ ‘ಮೈ ಆಟೋಗ್ರಾಫ್’ (2006), ಚೇರನ್ ಅವರ ತಮಿಳು ಚಿತ್ರದ ರೀಮೇಕ್. ಲಗ್ನಪತ್ರಿಕೆ ಹಂಚಲು ಹೊರಟ ನಾಯಕ ಹಳೆಯ ಪ್ರೀತಿಗಳ ಬಾಗಿಲಿಗೂ ಹೋಗುತ್ತಾನೆ. ಉಪಾಯ ಚೆನ್ನಾಗಿದೆ; ಆದರೆ ಮದುವೆಯಾಗಲಿರುವ ಹುಡುಗಿಗಿಂತ ನೆನಪುಗಳ ಮೇಲೆಯೇ ಅದಕ್ಕೆ ಅಕ್ಕರೆ. ‘ಕಿರಿಕ್ ಪಾರ್ಟಿ’ಯಲ್ಲಿ (2016) ಸಾನ್ವಿ ಸಾಯುತ್ತಾಳೆ, ಆರ್ಯಾ ಬರುತ್ತಾಳೆ. ಸಾವು ಕಥೆಗಾರನ ಕೆಲಸವನ್ನು ಹಗುರ ಮಾಡಿದೆ.

‘ಎರಡು ಕನಸು’ ಚಿತ್ರಕ್ಕೆ ನಿಜವಾದ ಎದುರುತ್ತರ ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’. 2023ರ ಸೆಪ್ಟೆಂಬರ್ ಮತ್ತು ನವೆಂಬರಿನಲ್ಲಿ ಎರಡು ಭಾಗವಾಗಿ, ಕ್ಯಾಸೆಟ್ಟಿನ ಎರಡು ಮಗ್ಗುಲಂತೆ ಸೈಡ್ ಎ, ಸೈಡ್ ಬಿ ಎಂದು ಬಂದ ಬೆಂಗಳೂರಿನ ಕಥೆ. ಡ್ರೈವರ್ ಮನು (ರಕ್ಷಿತ್ ಶೆಟ್ಟಿ) ಧಣಿಯ ಮಗನ ಅಪಘಾತದ ಅಪರಾಧವನ್ನು ತನ್ನ ಮೇಲೆ ಹಾಕಿಕೊಳ್ಳುವುದು ಪ್ರಿಯಾಳೊಡನೆ (ರುಕ್ಮಿಣಿ ವಸಂತ್) ಬಾಳಲು ಮನೆ ಬೇಕೆಂಬ ಆಸೆಯಿಂದ. ಈ ಕಾರಣ ಕೃತಕ ಎನಿಸುವುದಿಲ್ಲ. ನಾಗರಭಾವಿ, ಅನ್ನಪೂರ್ಣೇಶ್ವರಿ ನಗರದಂಥ ಪಶ್ಚಿಮ ಬೆಂಗಳೂರಿನ ಬಡಾವಣೆಗಳು ಬೆಳೆದದ್ದೇ ಥರ್ಟಿ–ಫಾರ್ಟಿ ಸೈಟಿನ ಆಸೆಯ ಮೇಲೆ. ಈ ಊರಿನಲ್ಲಿ ‘ಫ್ಯಾಮಿಲಿಗೆ ಮಾತ್ರ’ ಎನ್ನುವ ಮಾಲೀಕರ ಮುಂದೆ ಜೋಡಿ ಮುರಿದವರಿಗೆ ಬಾಡಿಗೆ ಮನೆ ಸಿಗುವುದೂ ಕಷ್ಟ. ಪ್ರೀತಿ ಇಲ್ಲಿ ಅಡ್ವಾನ್ಸಿನ ಲೆಕ್ಕಕ್ಕೂ ಸೇರಿದೆ.

ಸೈಡ್ ಬಿ ತೆರೆದುಕೊಳ್ಳುವಾಗ ಹತ್ತು ವರ್ಷ ಕಳೆದಿವೆ. ಜೈಲಿನಿಂದ ಹೊರಬಂದ ಮನು, ಮದುವೆಯಾಗಿ ತಾಯಿಯೂ ಆಗಿರುವ ಪ್ರಿಯಾಳನ್ನು ಮರೆಯಲ್ಲೇ ನಿಂತು ನೋಡುತ್ತಾನೆ, ಅವಳ ಸಂಸಾರ ಸರಿಹೋಗಲೆಂದು ಕಾಣದಂತೆ ನೆರವಾಗುತ್ತಾನೆ. ರಾಮಚಂದ್ರನನ್ನು ಬಿಡಿಸಿದ ನೋಟವೇ ಮನುವನ್ನು ಕಟ್ಟಿಹಾಕುತ್ತದೆ. ಪ್ರೇಯಸಿಯ ಸುಖ ಅವನಿಗೆ ಬಿಡುಗಡೆಯಾಗುವ ಬದಲು ಹೊಸ ಕರ್ತವ್ಯವಾಗುತ್ತದೆ. ಇದನ್ನು ತ್ಯಾಗವೆಂದು ಸಂಭ್ರಮಿಸಿದವರಿದ್ದಾರೆ. ಅವಳಿಗೆ ತಿಳಿಯದಂತೆ ಹಿಂದೆ ಬೀಳುವುದು ತ್ಯಾಗದ ಹೆಸರಿನ ಗೀಳು ಎಂಬ ಅನುಮಾನ ಚಿತ್ರಕ್ಕೇ ಇದೆ, ಚರಣ್ ರಾಜ್ ಅವರ ಸಂಗೀತ ಏರಿದಾಗ ಅಷ್ಟೇ ಅದು ಮಸುಕಾಗುತ್ತದೆ.

ಇಲ್ಲಿನ ಗೌರಿ ಎಂದರೆ ಸುರಭಿ (ಚೈತ್ರಾ ಆಚಾರ್). ಲೈಂಗಿಕ ವೃತ್ತಿಯಲ್ಲಿರುವ ಅವಳು ಮನುವಿನ ಮನಸ್ಸು ಎಲ್ಲಿದೆಯೆಂದು ತಿಳಿದೂ ಅವನನ್ನು ಪ್ರೀತಿಸುತ್ತಾಳೆ. ಗೌರಿಗಿಂತ ಅವಳಿಗೆ ಬಾಯಿ ಇದೆ, ಹಠವಿದೆ, ಬದುಕುವ ಆಸೆ ಇದೆ. ಪ್ರೀತಿಯ ಬಗೆಗಿನ ಭರವಸೆಯೇನಾದರೂ ಚಿತ್ರದಲ್ಲಿ ಉಳಿದಿದ್ದರೆ ಅದು ಇವಳಲ್ಲಿ. ಹಾಗಿದ್ದೂ ಮನುವಿನ ದುಃಖಕ್ಕೆ ಸಿಕ್ಕಷ್ಟು ಸಮಯ ಅವಳಿಗೆ ಸಿಗುವುದಿಲ್ಲ.

ಎರಡೂ ಚಿತ್ರಗಳಲ್ಲಿ ಮೊದಲು ಮುಂದೆ ಹೆಜ್ಜೆಯಿಟ್ಟವರು ಹೆಂಗಸರೇ. ಲಲಿತೆ ಹಳೆಯದನ್ನು ಹೇಗೆ ದಾಟಿದಳು, ಪ್ರಿಯಾ ಇನ್ನೊಬ್ಬನಿಗೆ ಯಾವ ಮನಸ್ಸಿನಿಂದ ಹೂಂ ಎಂದಳು, ಆ ವರ್ಷಗಳಲ್ಲಿ ಏನೇನಾಯಿತು ಎಂಬುದಕ್ಕೆ ಕ್ಯಾಮೆರಾ ಬೆನ್ನು ಹಾಕಿದೆ. 1974ರ ಚಿತ್ರವೂ 2023ರ ಚಿತ್ರವೂ ದಾಟಿ ಮುಗಿಸಿದವರನ್ನು ತೋರಿಸುತ್ತವೆ, ದಾಟುವುದನ್ನು ತೋರಿಸುವುದಿಲ್ಲ.