ಕೆಂಪು ಹುಳುವಿನ ಮೇಲಿನ ಅಪವಾದ

ಸಂಪಿನ ತಳದಲ್ಲಿ ಕೆಂಪು ಹುಳು ಕಂಡರೆ ಎರಡು ತೀರ್ಪು ಸಿದ್ಧವಾಗಿರುತ್ತವೆ: ಇದು ಸೊಳ್ಳೆಮರಿ; ನೀರಿಗೆ ಚರಂಡಿ ಸೇರಿದೆ. ಮೊದಲನೆಯದು ತಪ್ಪು. ಎರಡನೆಯದು ನಿಜವಿರಲೂಬಹುದು, ಆದರೆ ಅದಕ್ಕೆ ಹುಳುವಿನ ಬಣ್ಣ ಸಾಕ್ಷಿಯಲ್ಲ.

ಸೊಳ್ಳೆಯ ಮಾತು ಬೇಗ ಮುಗಿಸೋಣ. ಸೊಳ್ಳೆಮರಿಗೆ ಎದೆ ಉಬ್ಬಿರುತ್ತದೆ, ಕಾಲಿಲ್ಲ. ಈ ಕೆಂಪು ಹುಳುವೋ ನುಸಿಯ ಮರಿ, ಅಂದರೆ ಕೈರೋನೊಮಿಡ್ ಲಾರ್ವಾ; ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪ. ತಲೆಯ ಹಿಂದೆ ಒಂದು ಜೊತೆ, ಬಾಲದ ತುದಿಯಲ್ಲಿ ಇನ್ನೊಂದು ಜೊತೆ ಮೋಟುಗಾಲು. ಉಸಿರಿಗಾಗಿ ಮೇಲಕ್ಕೆ ಬರಬೇಕಾಗಿಲ್ಲ, ಚರ್ಮವೇ ಸಾಕು. ಇದಕ್ಕೆಲ್ಲ ಒಂದು ಭೂತಗನ್ನಡಿ ಸಾಕು.

ಬಣ್ಣದ ವಿಷಯ ಅಷ್ಟು ಸುಲಭವಲ್ಲ. ಕೆಂಪಿಗೆ ಕಾರಣ ಹಿಮೋಗ್ಲೋಬಿನ್; ಆಮ್ಲಜನಕ ಕಡಿಮೆಯಾದ ಕೆಸರಿನಲ್ಲಿ ಬದುಕಲು ಅದು ನೆರವು. ಆದರೆ ಆಮ್ಲಜನಕ ಇಳಿಯಲು ಚರಂಡಿಯೇ ಬೇಕೆಂದಿಲ್ಲ, ಕೊಳೆತ ಎಲೆಯೂ ಆದೀತು. ಮೇಲಾಗಿ, ಹುಳುವನ್ನು ಆಲ್ಕೋಹಾಲಿಗೆ ಹಾಕಿಟ್ಟರೆ ಮೊದಲು ಮಾಸುವುದೇ ಆ ಕೆಂಪು. ಸೀಸೆಯಲ್ಲಿ ಉಳಿಯದ ಲಕ್ಷಣವನ್ನು ನಂಬಿ ಗುರುತಿಸುವುದು ಎಂಥ ಶಾಸ್ತ್ರ?

ಕಳೆದ ಶತಮಾನದ ಆರಂಭದಲ್ಲೇ ಜರ್ಮನಿಯ ವಿಜ್ಞಾನಿ ಟೀನೆಮಾನ್ ಸರೋವರಗಳನ್ನು ಈ ಮರಿಗಳಿಂದಲೇ ವಿಂಗಡಿಸಿದ್ದ. ಪೋಷಕಾಂಶ ಕಡಿಮೆಯಿರುವ, ತಳದಲ್ಲೂ ಆಮ್ಲಜನಕವಿರುವ ಆಳದ ಸರೋವರಕ್ಕೆ ಟ್ಯಾನಿಟಾರ್ಸಸ್ ಕುಲದ ಮರಿ ಗುರುತು. ಪೋಷಕಾಂಶ ತುಂಬಿ ತಳ ಉಸಿರುಗಟ್ಟಿದ್ದಕ್ಕೆ ಕೈರೋನೊಮಸ್. ಎರಡೂ ಒಂದೇ ಉಪಕುಟುಂಬದವು, ಸಾಕ್ಷ್ಯ ಮಾತ್ರ ತದ್ವಿರುದ್ಧ. ಇವನ್ನು ಬೇರ್ಪಡಿಸುವುದು ತಲೆ. ತಲೆಯನ್ನು ಕತ್ತರಿಸಿ, ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ಮಾಂಸ ಕರಗಿಸಿ, ಗದ್ದ ಮೇಲಾಗುವಂತೆ ಸ್ಲೈಡಿನಲ್ಲಿ ಕೂರಿಸಬೇಕು. ಆಗ ಬಾಯಿಯ ಕೆಳಗೆ ಗರಗಸದಂಥ ಹಲ್ಲಿನ ಪಟ್ಟಿ, ಅದರ ಎಡಬಲಕ್ಕೆ ಗೆರೆಗೆರೆಯ ಬೀಸಣಿಗೆ ಫಲಕಗಳು ಕಾಣುತ್ತವೆ. ಕೈರೋನೊಮಸ್‌ನಲ್ಲಿ ಫಲಕಗಳ ನಡುವೆ ಒಳ್ಳೆಯ ಅಂತರ. ಟ್ಯಾನಿಟಾರ್ಸಸ್‌ನಲ್ಲಿ ನಡುಗೆರೆಯ ಹತ್ತಿರ ಬಂದು ಹೆಚ್ಚುಕಡಿಮೆ ಮುಟ್ಟುತ್ತವೆ, ಕುಡಿಮೀಸೆಯೂ ಎತ್ತರದ ದಿಬ್ಬದ ಮೇಲೆ ನಿಂತಿರುತ್ತದೆ.

ಇಷ್ಟಿದ್ದೂ ಜಲಜೀವಿಗಳಿಗೆ ಅಂಕ ಕೊಟ್ಟು ನೀರಿನ ಶುದ್ಧತೆ ಅಳೆಯುವ ಬ್ರಿಟನ್ನಿನ ಬಿಎಂಡಬ್ಲ್ಯುಪಿ ಪದ್ಧತಿ ಕೈರೋನೊಮಿಡ್‌ಗಳ ಇಡೀ ಕುಟುಂಬಕ್ಕೆ 10ರಲ್ಲಿ 2 ಅಂಕ ಕೊಟ್ಟು ಕೈತೊಳೆದುಕೊಂಡಿತು. ನೇಪಾಳದ ಹಿಮನದಿಯ ಮೇಲೆ, ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಓಡಾಡುವ ಡಯಾಮೆಸಾ ನುಸಿಯ ವರದಿ 1984ರಲ್ಲೇ ಬಂದಿದೆ. ಅದರ ಮರಿಗಳು ಬೆಳೆಯುವುದು ಹಿಮ ಕರಗಿದ ನೀರಿನಲ್ಲಿ. ಅದೂ ಇದೇ ಕುಟುಂಬದ್ದು, ಅದಕ್ಕೂ 2 ಅಂಕವೇ?

ನೂರಾರು ತಲೆಗಳನ್ನು ಸ್ಲೈಡಿಗೇರಿಸಲು ಪುರುಸೊತ್ತೆಲ್ಲಿ ಎನ್ನುವವರ ಕಷ್ಟ ಸುಳ್ಳಲ್ಲ. ಆದರೆ ಉಪಕುಟುಂಬದ ಮಟ್ಟಕ್ಕಾದರೂ ಇಳಿಯಬಹುದು: ಟ್ಯಾನಿಪೋಡಿನೇ ಮರಿ ಕುಡಿಮೀಸೆಯನ್ನು ತಲೆಯೊಳಕ್ಕೇ ಎಳೆದುಕೊಳ್ಳುತ್ತದೆ, ಅದನ್ನು ಕಾಣಲು ಪೊಟ್ಯಾಷ್ ಬೇಕಿಲ್ಲ.

ಅತಿ ಉತ್ಸಾಹಿಗಳಿಗೂ ಒಂದು ಮಾತು. ಹಲ್ಲು ವಿಕಾರವಾಗಿದ್ದರೆ ಭಾರಲೋಹದ ವಿಷವೆಂದು ಬರೆದುಬಿಡುವವರಿದ್ದಾರೆ. ವಿಷದಿಂದ ಹಲ್ಲು ಕೆಡುವುದುಂಟು, ನಿಜ. ಮರಳು ಕೆರೆದು ಸವೆದ ಹಲ್ಲೂ ಮೊಂಡಾಗಿಯೇ ಕಾಣುತ್ತದೆ. ಆಗಷ್ಟೇ ಪೊರೆ ಕಳಚಿದ ಮರಿಯ ಇನ್ನೂ ಸವೆಯದ ಹಲ್ಲನ್ನೂ ಪಕ್ಕದಲ್ಲಿಟ್ಟು ನೋಡದೆ ಆ ವರದಿಗೆ ಸಹಿ ಹಾಕಬಾರದು.